ಬೀಗದ ಕೈ ಬಚ್ಚಿಡಿ, ಬೀಗವನ್ನಲ್ಲ

ಆಟದಲ್ಲಿ ಗುಟ್ಟೇ ಇರಬಾರದು ಅನ್ನೋರು ಒಂದು ಕಡೆ. ಆಟ ಅಂದಮೇಲೆ ಎಲ್ಲಾ ಗುಟ್ಟೇ, ಕೇಳೋಕೆ ನೀನ್ಯಾರು ಅನ್ನೋರು ಇನ್ನೊಂದು ಕಡೆ. ಈ ಎರಡು ಗುಂಪಿನ ಮಧ್ಯೆ ಸಿಕ್ಕಿಕೊಂಡು ನನಗಂತೂ ಸಾಕಾಗಿದೆ. ನನ್ನ ಪ್ರಕಾರ ಇಬ್ಬರದೂ ತಪ್ಪು. ಯಾಕೆ ಅಂತ ಇವತ್ತು ಬಿಡಿಸಿ ಹೇಳಿಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು ಹೇಳ್ತಾ ಇರೋದು ಮನೆ ಕಾಯೋ ಆಟಗಳ ಬಗ್ಗೆ. ನೀವೊಂದು ಮನೆಯನ್ನೋ ಕೋಟೆಯನ್ನೋ ಕಟ್ಟುತ್ತೀರಿ. ಗೋಡೆ ಎಬ್ಬಿಸ್ತೀರಿ, ಫಿರಂಗಿ ಇಡ್ತೀರಿ, ನೆಲದೊಳಗೆ ಬಲೆ ಹೂತಿಡ್ತೀರಿ. ಆಮೇಲೆ ಫೋನ್ ಪಕ್ಕಕ್ಕಿಟ್ಟು ಮಲಗ್ತೀರಿ. ನೀವು ಮಲಗಿದಾಗ ಯಾರೋ ಬಂದು ನುಗ್ಗುತ್ತಾರೆ. ಫಿನ್ಲೆಂಡಿನ ಹೆಲ್ಸಿಂಕಿಯ ಸೂಪರ್‌ಸೆಲ್ ಕಂಪನಿ 2012ರಲ್ಲಿ ಬಿಟ್ಟ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಇಂಥದ್ದು. ಮರುವರ್ಷ ಆಂಡ್ರಾಯ್ಡಿಗೂ ಬಂದಮೇಲೆ ನಮ್ಮ ಕಡೆ ಹುಡುಗರ ಕೈಗೆಲ್ಲಾ ಹತ್ತಿಕೊಳ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ - ಈ ನಾಲ್ಕೂ ಊರಿನವರು ಸೇರಿ ನಮ್ಮದೂ ಒಂದು ಕ್ಲ್ಯಾನ್ ಇತ್ತು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಬೈಗುಳ ಮಾತ್ರ ಎರಡರಲ್ಲೂ.

ಆ ಕ್ಲ್ಯಾನ್ ಒಡೆದು ಹೋಗಿದ್ದು ದುಡ್ಡಿನ ಜಗಳದಿಂದ ಅಲ್ಲ, ಒಂದು ಪ್ರಶ್ನೆಯಿಂದ.

ಆ ಆಟದಲ್ಲಿ ದಾಳಿ ಮಾಡೋನಿಗೆ ಎದುರಿನವನ ಗೋಡೆ ಕಾಣುತ್ತೆ, ಫಿರಂಗಿ ಕಾಣುತ್ತೆ. ಆದರೆ ಜೈಂಟ್ ಬಾಂಬ್, ಸ್ಪ್ರಿಂಗ್ ಟ್ರ್ಯಾಪ್, ಹಿಡನ್ ಟೆಸ್ಲಾ ಎಲ್ಲಿವೆ ಅಂತ ಕಾಣಲ್ಲ. ಕಾಲಿಟ್ಟ ಮೇಲೇ ಗೊತ್ತಾಗೋದು. ಆಗ ಎಕ್ಸ್‌ಮಾಡ್ ಅಂತ ಒಂದು ಕಳ್ಳ ಸಾಫ್ಟ್‌ವೇರ್ ಓಡಾಡ್ತಾ ಇತ್ತು. ಅದನ್ನ ಹಾಕಿಕೊಂಡರೆ ಎದುರಾಳಿಯ ಕೋಟೆ ಮೇಲೆ ಸುಳ್ಳು ದಾಳಿ ಮಾಡಿ ನೋಡಬಹುದಿತ್ತು. ಎಲ್ಲಾ ಬಲೆ ಬಯಲಾಗೋದು. ಆಮೇಲೆ ಏನೂ ಗೊತ್ತಿಲ್ಲದವನ ಹಾಗೆ ನಿಜವಾದ ದಾಳಿ. ನಮ್ಮ ಕ್ಲ್ಯಾನಿನ ಒಬ್ಬ ಹುಡುಗ ಹೀಗೆ ಮಾಡಿ ಸಿಕ್ಕಿಬಿದ್ದ. ಸಿಕ್ಕಿಬಿದ್ದವನು ತಲೆ ತಗ್ಗಿಸಲಿಲ್ಲ, ವಾದಕ್ಕೇ ನಿಂತ. "ಅಣ್ಣಾ, ಬೇಕಾದರೆ ಎಲ್ಲರೂ ಹಾಕ್ಕೊಳ್ಳಲಿ, ನಾನೇನು ಬೇಡ ಅಂದ್ನಾ? ಎಲ್ಲರಿಗೂ ಕಂಡರೆ ಎಲ್ಲರಿಗೂ ಸಮ. ಅದೇ ನ್ಯಾಯ ಅಲ್ವಾ?" ಅಂದ. ಅರ್ಧ ಜನ ಅವನ ಕಡೆ ಹೋದರು.

ಕೇಳೋಕೆ ಸರಿಯಾಗೇ ಇದೆ ಅನ್ಸುತ್ತೆ ಅಲ್ವಾ? ಆದರೆ ಒಂದು ನಿಮಿಷ ಯೋಚನೆ ಮಾಡಿ, ಅವನು ಸಮ ಮಾಡ್ತಾ ಇರೋದು ಯಾರ್‍ಯಾರನ್ನ? ನುಗ್ಗೋನನ್ನ ಇನ್ನೊಬ್ಬ ನುಗ್ಗೋನ ಜೊತೆ. ಮನೆ ಕಟ್ಟಿದವನ ಪಾಡೇನು? ದಾಳಿ ಆದಾಗ ಅವನು ಅಲ್ಲಿ ಇರೋದೇ ಇಲ್ಲ. ಒಂದು ಗೋಡೆ ಸರಿಸೋಕಾಗಲ್ಲ, ಒಂದು ಬಾಣ ಬಿಡೋಕಾಗಲ್ಲ. ನುಗ್ಗೋನಿಗೆ ಕಣ್ಣಿದೆ, ಕೈಯಿದೆ, ಸಮಯ ಇದೆ, ಬೇಡ ಅನ್ಸಿದರೆ ಬಿಟ್ಟು ಮುಂದಿನ ಮನೆಗೆ ಹೋಗೋ ಸ್ವಾತಂತ್ರ್ಯನೂ ಇದೆ. ಕಾಯೋನಿಗೆ ಇರೋದು ಮೊದಲೇ ಯೋಚನೆ ಮಾಡಿಟ್ಟ ನಾಲ್ಕು ಗುಟ್ಟು ಮಾತ್ರ. ಅದನ್ನೂ ಕಿತ್ತುಕೊಂಡು 'ಈಗ ಎಲ್ಲರೂ ಸಮ' ಅಂದರೆ, ಊರಿನ ಕಳ್ಳರೆಲ್ಲಾ ಸಭೆ ಸೇರಿ ಬೀಗಗಳನ್ನೇ ನಿಷೇಧ ಮಾಡಿದ ಹಾಗಾಯ್ತು. ಆ ಕಂಪನಿ 2016ರ ಸುಮಾರಿಗೆ ಇಂಥವರನ್ನ ಹುಡುಕಿ ಆಚೆ ಹಾಕೋಕೆ ಶುರು ಮಾಡ್ತು. ಸರಿಯಾಗೇ ಮಾಡ್ತು.

ಹಾಗಂತ ಎರಡನೇ ಗುಂಪನ್ನ ಒಪ್ಕೊಂಡೆ ಅಂದ್ಕೋಬೇಡಿ. 'ನನ್ನ ಮನೆ, ನನ್ನಿಷ್ಟ, ಹೇಗೆ ಬೇಕಾದರೂ ಬಚ್ಚಿಡ್ತೀನಿ' ಅನ್ನೋರದ್ದು ಇನ್ನೂ ದೊಡ್ಡ ಮೋಸ. ಇದನ್ನ ಅರ್ಥ ಮಾಡ್ಕೊಳ್ಳೋಕೆ ಇನ್ನೊಂದು ಆಟ ನೋಡಬೇಕು. ನಮ್ಮ ಕಡೆ ಆಡಿದವರು ಕಡಿಮೆ. ಜೇಸನ್ ರೋರರ್ ಅನ್ನೋ ಅಮೆರಿಕದವನು 2014ರ ಜನವರಿಯಲ್ಲಿ ಬಿಟ್ಟ 'ದಿ ಕ್ಯಾಸಲ್ ಡಾಕ್ಟ್ರಿನ್'. ಎಲ್ಲರಿಗೂ ಒಂದೊಂದು ಮನೆ, ಒಂದು ತಿಜೋರಿ, ಸ್ವಲ್ಪ ದುಡ್ಡು. ಗೋಡೆ, ನಾಯಿ, ಕರೆಂಟ್ ಹರಿಯೋ ನೆಲ, ಗುಂಡಿ ಎಲ್ಲಾ ಇಡಬಹುದು. ಬೇರೆಯವರ ಮನೆಗೆ ನುಗ್ಗಿ ಕದಿಯಬಹುದು. ಕದಿಯೋಕೆ ಹೋಗಿ ಸತ್ತರೆ ಸತ್ತ ಹಾಗೇ, ಕಟ್ಟಿದ್ದೆಲ್ಲಾ ಹೋಯ್ತು, ಮತ್ತೆ ಮೊದಲಿಂದ.

ಆ ಆಟದಲ್ಲಿ ಒಂದು ನಿಯಮ ಇತ್ತು, ನನಗೆ ಬಹಳ ಇಷ್ಟ ಆಗಿದ್ದು. ಮನೆ ಕಟ್ಟಿದವನು ಅದನ್ನ ಆಟಕ್ಕೆ ಬಿಡೋ ಮುಂಚೆ, ಕೈಯಲ್ಲಿ ಯಾವ ಹತಾರ ಇಲ್ಲದೆ ಬಾಗಿಲಿಂದ ತಿಜೋರಿ ತನಕ ತಾನೇ ನಡೆದು ತೋರಿಸಬೇಕು. ಹಾಗೆ ನಡೆಯುವಾಗ ತನ್ನ ಬಲೆಗೆ ತಾನೇ ಬಿದ್ದು ಸತ್ತರೂ ಸತ್ತ ಹಾಗೇ. ಅಂದ್ರೆ ನಾಲ್ಕೂ ಕಡೆ ಕಾಂಕ್ರೀಟ್ ಗೋಡೆ ಎಬ್ಬಿಸಿ ಒಳಗೆ ತಿಜೋರಿ ಇಟ್ಟು 'ಬನ್ರೋ ನೋಡೋಣ' ಅನ್ನೋ ಹಾಗಿಲ್ಲ. ದಾರಿ ಇರಲೇಬೇಕು, ಇದೆ ಅಂತ ನೀನೇ ಜೀವ ಪಣಕ್ಕಿಟ್ಟು ತೋರಿಸಬೇಕು. ನಮ್ಮೂರಿನ ಪ್ರಶ್ನೆಪತ್ರಿಕೆ ತೆಗೆಯೋ ಮೇಷ್ಟ್ರುಗಳಿಗೂ ಈ ನಿಯಮ ಹಾಕಬೇಕಿತ್ತು ಅಂತ ಎಷ್ಟೋ ಸಲ ಅನ್ಸಿದೆ.

ಆದರೆ ಜನ ಬಿಡ್ತಾರಾ? ಇದಕ್ಕೂ ಅಡ್ಡದಾರಿ ಕಂಡುಹಿಡಿದರು. ಆ ಆಟದಲ್ಲಿ ಸ್ವಿಚ್ಚು, ತಂತಿ ಎಲ್ಲಾ ಇದ್ದವು. ಅವನ್ನ ಜೋಡಿಸಿ ನಂಬರ್ ಬೀಗದಂಥ ಮನೆ ಕಟ್ಟಿದರು. ಇಲ್ಲಿ ಕಾಲಿಡು, ಅಲ್ಲಿ ಎರಡು ಸಲ ತುಳಿ, ಹಿಂದೆ ಬಾ, ಎಡಕ್ಕೆ ಹೋಗು. ಈ ಕ್ರಮದಲ್ಲಿ ನಡೆದರೆ ಬಾಗಿಲು ತೆರೆಯುತ್ತೆ, ಒಂದು ಹೆಜ್ಜೆ ತಪ್ಪಿದರೆ ಸಾವು. ಕಟ್ಟಿದವನಿಗೆ ಕ್ರಮ ಗೊತ್ತು, ಸಲೀಸಾಗಿ ನಡೆದು ತೋರಿಸಿಬಿಡ್ತಾನೆ. ನಿಯಮ ಪಾಲಿಸಿದ ಹಾಗಾಯ್ತು. ಬರೋನಿಗೆ ಮಾತ್ರ ಸಾವಿರ ಸಾಧ್ಯತೆಯಲ್ಲಿ ಒಂದು. ಅವನಿಗೆ ಬುದ್ಧಿ ಉಪಯೋಗಿಸೋಕೆ ಅಲ್ಲಿ ಜಾಗವೇ ಇಲ್ಲ, ಲಾಟರಿ ಟಿಕೆಟ್ ಕೆರೆದ ಹಾಗೆ.

ಇಲ್ಲೇ ನನ್ನ ಮುಖ್ಯ ಮಾತು ಬರೋದು. 'ದಾರಿ ಇದೆ' ಅನ್ನೋದೂ 'ದಾರಿ ಹುಡುಕಬಹುದು' ಅನ್ನೋದೂ ಒಂದೇ ಅಲ್ಲ. ನ್ಯಾಯ ಇರೋದು ಎರಡನೆಯದರಲ್ಲಿ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಜೈಂಟ್ ಬಾಂಬ್ ಕಾಣಲ್ಲ ನಿಜ. ಆದರೆ ಅದಕ್ಕೆ ಎರಡು ಚೌಕ ಉದ್ದ, ಎರಡು ಚೌಕ ಅಗಲದ ಜಾಗ ಬೇಕೇ ಬೇಕು ಅಂತ ಎಲ್ಲರಿಗೂ ಗೊತ್ತು. ಕೋಟೆಯ ನಟ್ಟನಡುವೆ ಅಷ್ಟೇ ಅಳತೆಯ ಖಾಲಿ ಜಾಗ ಎರಡು ಅಕ್ಕಪಕ್ಕ ಕಂಡರೆ, ಹಾಗ್ ರೈಡರ್ ಪಡೆ ಬಿಡೋ ಮುಂಚೆ ಅನುಭವ ಇರೋನು ಅನುಮಾನ ಪಡ್ತಾನೆ. ಮೊದಲು ಒಂದೆರಡು ಸಣ್ಣ ಸೈನಿಕರನ್ನ ಕಳಿಸಿ ನೋಡ್ತಾನೆ. ಕಾಯೋ ಜಾಣ ಅದನ್ನೂ ಊಹಿಸಿ, ಸುಮ್ಮನೆ ಖಾಲಿ ಬಿಟ್ಟು ಹೆದರಿಸ್ತಾನೆ. ಇದಪ್ಪಾ ಆಟ ಅಂದ್ರೆ! ಬಾಂಬ್ ಎಲ್ಲಿದೆ ಅನ್ನೋದು ಗುಟ್ಟು. ಬಾಂಬ್ ಹೇಗೆ ಕೆಲಸ ಮಾಡುತ್ತೆ, ಎಷ್ಟು ಜಾಗ ಹಿಡಿಯುತ್ತೆ, ಒಬ್ಬೊಬ್ಬರ ಹತ್ತಿರ ಎಷ್ಟಿರುತ್ತೆ ಅನ್ನೋದು ಗುಟ್ಟಲ್ಲ.

ಇದು ನಾನು ಕಂಡುಹಿಡಿದ ತತ್ವ ಏನಲ್ಲ. ಆಗಸ್ಟ್ ಕೆರ್ಕಾಫ್ಸ್ ಅಂತ ಒಬ್ಬರಿದ್ದರು, ಪ್ಯಾರಿಸ್ಸಿನಲ್ಲಿ ಭಾಷೆ ಕಲಿಸ್ತಿದ್ದ ಮೇಷ್ಟ್ರು. ಅವರು 1883ರಲ್ಲೇ ಸೈನ್ಯದ ಗುಪ್ತಲಿಪಿ ಬಗ್ಗೆ ಬರೀತಾ ಇದನ್ನ ಹೇಳಿದ್ದರು. ನಿಮ್ಮ ಗುಪ್ತಲಿಪಿಯ ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟಾಗಿರಬೇಕಾದ್ದು ಕೀಲಿ ಮಾತ್ರ ಅನ್ನೋದು ಅವರ ವಾದದ ಸಾರ. ಇವತ್ತು ನಾವು ಫೋನಿನಲ್ಲಿ ದುಡ್ಡು ಕಳಿಸೋದೂ ಇದೇ ತತ್ವದ ಮೇಲೆ. ಗಣಿತ ಪುಸ್ತಕದಲ್ಲಿ ಅಚ್ಚಾಗಿದೆ, ಕೀಲಿ ಮಾತ್ರ ಗುಟ್ಟು. ವಿಧಾನವನ್ನೇ ಬಚ್ಚಿಟ್ಟು ಬದುಕೋ ಭದ್ರತೆ ಒಂದು ದಿನ ಬಯಲಾದರೆ ಮುಗೀತು, ಮಾರನೇ ದಿನಕ್ಕೆ ಏನೂ ಉಳಿಯಲ್ಲ.

ನಮ್ಮ ನಂದಿ ಬೆಟ್ಟಾನೇ ನೋಡಿ. ನಂದಿದುರ್ಗದ ಬಲ ಯಾವುದೋ ಗುಟ್ಟಿನಲ್ಲಿ ಇರಲಿಲ್ಲ, ಕಡಿದಾದ ಬಂಡೆಯಲ್ಲಿತ್ತು. ಆ ಬಂಡೆ ಹತ್ತಾರು ಮೈಲಿಗೆ ಕಾಣುತ್ತೆ. ಯಾವ ಕಡೆಯಿಂದ ಹತ್ತೋಕೆ ಸ್ವಲ್ಪ ಆಗುತ್ತೆ, ಯಾವ ಕಡೆ ಆಗೋದೇ ಇಲ್ಲ ಅಂತ ನೋಡಿದವರಿಗೆಲ್ಲಾ ಗೊತ್ತಾಗುತ್ತೆ. ಗೊತ್ತಿದ್ದೂ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ವಾರಗಟ್ಟಲೆ ಫಿರಂಗಿ ಎಳೆದು, ದಾರಿ ಕಡಿದು, ಗೋಡೆ ಒಡೆದು ಅಕ್ಟೋಬರಿನಲ್ಲಿ ಅದನ್ನ ಹಿಡಿಯಬೇಕಾಯ್ತು. ನಿಜವಾದ ಕೋಟೆ ಅಂದ್ರೆ ಹೀಗೆ. ಕಂಡರೂ ಕಷ್ಟ, ಕಷ್ಟಪಟ್ಟರೆ ಸಾಧ್ಯ.

ಇನ್ನು ಗುಟ್ಟಿನ ಅವಧಿ. ಇಸ್ಪೀಟಿನ ಇಪ್ಪತ್ತೆಂಟು ಆಡಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಬಿಡ್ ಗೆದ್ದವನು ತುರುಫು ಯಾವುದು ಅಂತ ಒಂದು ಎಲೆ ಕವುಚಿ ಇಡ್ತಾನೆ. ಜೊತೆಗಾರನಿಗೂ ಹೇಳೋ ಹಾಗಿಲ್ಲ. ಆದರೆ ಅದು ಕೊನೇ ತನಕ ಕವುಚಿಕೊಂಡೇ ಇರಲಿ ಅಂದ್ರೆ ನಡೆಯಲ್ಲ. ಇಳಿದ ಬಣ್ಣ ಕೈಯಲ್ಲಿ ಇಲ್ಲದವನು 'ತುರುಫು ತೋರಿಸು' ಅಂದರೆ ತೋರಿಸಲೇಬೇಕು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಟ್ಟು ಇಪ್ಪತ್ತೆಂಟು ಅನ್ನೋ ಲೆಕ್ಕ ಎಲ್ಲರಿಗೂ ಬಯಲು. ಗುಟ್ಟು ಇದೆ, ಗುಟ್ಟಿಗೆ ಒಂದು ಕೊನೆಯೂ ಇದೆ, ಆ ಕೊನೆ ಬರೋದು ಇಟ್ಟವನ ಮರ್ಜಿಯಿಂದ ಅಲ್ಲ. ನಮ್ಮ ಜನ ಜಗಲಿ ಮೇಲೆ ಕೂತು ಆಡ್ತಿದ್ದ ಆಟದಲ್ಲಿ ಇಷ್ಟು ವಿವೇಕ ಇದೆ. ಕೋಟಿಗಟ್ಟಲೆ ಖರ್ಚು ಮಾಡಿ ಮಾಡೋ ಆಟಗಳಲ್ಲಿ ಇಲ್ಲ ಅಂದ್ರೆ ಏನು ಹೇಳೋಣ?

ಕೊನೆಯೇ ಇಲ್ಲದ ಗುಟ್ಟು ಹೇಗಿರುತ್ತೆ ಅಂತ ನೋಡಬೇಕಾದರೆ ಹಳೇ ದನದ ಜಾತ್ರೆಗಳನ್ನ ನೆನಪಿಸ್ಕೊಳ್ಳಿ. ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸೋರು. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಎತ್ತು ಎಷ್ಟಕ್ಕೆ ಹೋಗ್ತಾ ಇದೆ ಅಂತ ಗೊತ್ತಾಗೋಕೆ ದಾರಿ ಇಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಾಗಲ್ಲ. ರೀಲರು ಮನಸ್ಸಿನಲ್ಲಿ ಎಷ್ಟು ತನಕ ಹೋಗೋಕೆ ತಯಾರಿದ್ದಾನೆ ಅನ್ನೋದು ಅವನ ಗುಟ್ಟು, ಇರಲಿ. ಆದರೆ ಲಾಟು ಹರಾಜಿಗೆ ಬರುತ್ತೆ, ಎಷ್ಟಕ್ಕೆ ನಿಲ್ತು ಅನ್ನೋದು ರೈತನಿಗೆ ಗೊತ್ತಾಗುತ್ತೆ, ಬೆಲೆ ಒಪ್ಪಿಗೆ ಇಲ್ಲ ಅಂದ್ರೆ ಕೊಡಲ್ಲ ಅನ್ನಬಹುದು. ಅಲ್ಲಿ ಮೋಸವೇ ನಡೆಯಲ್ಲ ಅಂತ ನಾನು ಹೇಳ್ತಾ ಇಲ್ಲ. ಮೋಸ ಆದರೆ ಕೈ ತೋರಿಸಿ ಕೇಳೋಕೆ ಒಂದು ಜಾಗ ಇದೆ ಅಂತ ಹೇಳ್ತಾ ಇದೀನಿ. ಟವೆಲ್ ಕೆಳಗೆ ಆ ಜಾಗ ಇಲ್ಲ.

ಆಟದ ಕಂಪನಿಗಳ ಮೇಲೆ ನನ್ನ ತಕರಾರು ಇದೇ. ಆಡೋರಿಗೆ ಗುಟ್ಟಿನ ಪಾಠ ಹೇಳ್ತಾರೆ, ತಾವು ಮಾತ್ರ ಟವೆಲ್ ಕೆಳಗೇ ಕೈ ಇಟ್ಟುಕೊಂಡಿರ್ತಾರೆ. ಯಾರ ಜೊತೆ ಯಾರನ್ನ ಜೋಡಿ ಹಾಕ್ತಾರೆ, ಯಾವ ಲೆಕ್ಕದಲ್ಲಿ? ಹೇಳಲ್ಲ. ಹೇಳದೇ ಇದ್ದಾಗ ಏನಾಗುತ್ತೆ? ಕೆಲವರು ಕೂತು ಆ ಲೆಕ್ಕ ಬಗೆದು ತೆಗೀತಾರೆ. ಬೇಕಂತಲೇ ಕೆಲವು ಫಿರಂಗಿ ಕಟ್ಟದೆ, ತಕ್ಕಡಿಯಲ್ಲಿ ಹಗುರ ಕಾಣಿಸಿಕೊಂಡು, ಸಣ್ಣವರ ಎದುರಿಗೆ ಬಿದ್ದು ಚಚ್ಚುತ್ತಾರೆ. ಕ್ಲ್ಯಾನ್ ಯುದ್ಧಗಳಲ್ಲಿ ಇದೊಂದು ದೊಡ್ಡ ಪಿಡುಗೇ ಆಗಿತ್ತು. ನಿಯಮ ಬಚ್ಚಿಟ್ಟರೆ ಅದು ಗುಟ್ಟಾಗಿ ಉಳಿಯಲ್ಲ, ಬಿಡುವು ಇರೋ ನಾಲ್ಕು ಜನರ ಸ್ವತ್ತಾಗುತ್ತೆ ಅಷ್ಟೇ. ದುಡ್ಡು ಕೊಟ್ಟು ತೆರೆಯೋ ಪೆಟ್ಟಿಗೆಗಳ ಕಥೆಯೂ ಇದೇ. ಒಳಗೆ ಏನಿದೆ ಅನ್ನೋದು ಗುಟ್ಟಾಗಿರಲಿ, ಯಾವುದು ಸಿಗೋ ಸಾಧ್ಯತೆ ನೂರಕ್ಕೆ ಎಷ್ಟು ಅನ್ನೋದಾದರೂ ಹೇಳಬೇಕಲ್ಲ? ಆಪಲ್‌ನವರು ತಮ್ಮ ಆಪ್ ಸ್ಟೋರಿನಲ್ಲಿ ಅದನ್ನ ಹೇಳಲೇಬೇಕು ಅಂತ ನಿಯಮ ಮಾಡಿದ್ದು 2017ರ ಡಿಸೆಂಬರಿನಲ್ಲಿ. ಅಷ್ಟು ದಿನ ಎಷ್ಟು ಮಕ್ಕಳ ಅಪ್ಪಂದಿರ ಜೇಬು ಖಾಲಿಯಾಯ್ತೋ.

'ಸರಿ ಸ್ವಾಮಿ, ಗುಟ್ಟು ಉಳಿಸಬೇಕು ಅಂತೀರಿ, ಕಳ್ಳರನ್ನೂ ಹಿಡಿಯಬೇಕು ಅಂತೀರಿ. ಎಲ್ಲರ ಫೋನಿನೊಳಗೆ ನುಗ್ಗಿ ನೋಡದೆ ಹಿಡಿಯೋದು ಹೇಗೆ?' ಒಳ್ಳೇ ಪ್ರಶ್ನೆ. ಈಗ ಕೆಲವು ಕಂಪನಿಗಳು ನಿಜವಾಗ್ಲೂ ಒಳಗೇ ನುಗ್ಗುತ್ತವೆ. 2020ರಲ್ಲಿ ಬಂದ ವ್ಯಾಲೊರಂಟ್ ಆಟದ ಜೊತೆ ಬರೋ ವ್ಯಾನ್‌ಗಾರ್ಡ್ ಅನ್ನೋ ಕಾವಲು ಸಾಫ್ಟ್‌ವೇರ್ ಕಂಪ್ಯೂಟರಿನ ತೀರಾ ಒಳಮನೆಗೇ ಹೋಗಿ ಕೂರುತ್ತೆ, ಕಂಪ್ಯೂಟರ್ ಆನ್ ಆದಾಗಿಂದಲೇ. ಒಂದು ಆಟ ಆಡೋಕೆ ದೇವರಮನೆ ತನಕ ಕಾವಲುಗಾರನನ್ನ ಬಿಟ್ಟುಕೊಳ್ಳಬೇಕಾ? ಕಳ್ಳರನ್ನ ಹಿಡಿಯೋ ಹೆಸರಿನಲ್ಲಿ ಎಲ್ಲರ ಮನೆ ಗುಟ್ಟನ್ನೂ ಒಬ್ಬನ ಕೈಗೆ ಕೊಡಬೇಕಾ?

ಬೇಕಾಗಿಲ್ಲ ಅನ್ನೋದಕ್ಕೆ ಉದಾಹರಣೆ ದೂರ ಎಲ್ಲೂ ಅಲ್ಲ, ನಮ್ಮ ಗೌರಿಬಿದನೂರಿನಲ್ಲೇ ಇದೆ. ಪ್ರಪಂಚದ ಅತಿ ಅಪಾಯಕಾರಿ ಮನೆ ಕಾಯೋ ಆಟ ಅಂದ್ರೆ ಅಣುಬಾಂಬಿನದು. ಪರೀಕ್ಷಾ ಸ್ಫೋಟ ನಿಲ್ಲಿಸೋಣ ಅಂತ ಅಮೆರಿಕ, ರಷ್ಯಾ ಮಾತಿಗೆ ಕೂತಾಗ ಇದೇ ಪ್ರಶ್ನೆ ಎದ್ದಿತ್ತು. ನೀನು ಕದ್ದು ಸ್ಫೋಟ ಮಾಡಲಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು, ನಿನ್ನ ನೆಲಕ್ಕೆ ಬಂದು ನೋಡ್ತೀನಿ ಅಂತ ಅಮೆರಿಕ. ನೋಡೋ ನೆಪದಲ್ಲಿ ಬೇಹುಗಾರಿಕೆ ಮಾಡ್ತೀಯ ಅಂತ ರಷ್ಯಾ. ವರ್ಷಕ್ಕೆ ಏಳು ಸಲಕ್ಕಿಂತ ಕಡಿಮೆ ಆಗಲ್ಲ ಅಂತ ಇವರು, ಮೂರಕ್ಕಿಂತ ಜಾಸ್ತಿ ಆಗಲ್ಲ ಅಂತ ಅವರು. ಕೊನೆಗೆ 1963ರ ಆಗಸ್ಟಿನಲ್ಲಿ ಆದ ಒಪ್ಪಂದದಲ್ಲಿ ಗಾಳಿ, ನೀರು, ಬಾಹ್ಯಾಕಾಶದ ಸ್ಫೋಟ ನಿಷೇಧ ಆಯ್ತು, ನೆಲದೊಳಗಿನದು ಹೊರಗುಳೀತು. ಅಂದ್ರೆ ಗುಟ್ಟು ಮತ್ತು ನ್ಯಾಯದ ಜಗಳ ಬಗೆಹರಿಯದೆ ಒಪ್ಪಂದಕ್ಕೇ ಒಂದು ತೂತು ಬಿತ್ತು.

ಆ ತೂತು ಮುಚ್ಚೋ ದಾರಿ ಹುಡುಕಿದವರು ವಿಜ್ಞಾನಿಗಳು. ಮನೆಯೊಳಗೆ ಹೋಗೋದು ಬೇಡ, ಹೊರಗೆ ನಿಂತು ನೆಲಕ್ಕೆ ಕಿವಿಗೊಡೋಣ ಅಂದರು. ನಮ್ಮ ಅಣುಶಕ್ತಿ ಸಂಸ್ಥೆ, ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರ, ಬ್ರಿಟನ್ನಿನವರ ಸಹಕಾರದಿಂದ 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಒಂದು ಜಾಲ ಹಾಕ್ತು. ಬ್ರಿಟನ್ನಿನವರ ಇಂಥವೇ ಜಾಲಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾದಲ್ಲೂ ಬಂದವು. ನಮ್ಮದು ಇಂಗ್ಲಿಷಿನ ಎಲ್ ಅಕ್ಷರದ ಆಕಾರ, ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರಿಗಿಂತ ಉದ್ದ, ಉದ್ದಕ್ಕೂ ಮಾಪಕಗಳು. ಸಾವಿರಾರು ಕಿಲೋಮೀಟರ್ ಆಚೆ ಎಲ್ಲೋ ನೆಲ ನಡುಗಿದರೆ ಆ ಅಲೆ ಒಂದು ಮಾಪಕಕ್ಕೆ ಸ್ವಲ್ಪ ಮುಂಚೆ, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಮುಟ್ಟುತ್ತೆ. ಆ ವ್ಯತ್ಯಾಸದಿಂದ ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುತ್ತೆ. ಎಲ್ಲಾ ಮಾಪಕದ ಸದ್ದನ್ನ ಸರಿಹೊಂದಿಸಿ ಕೂಡಿಸಿದರೆ ಗದ್ದಲ ಅಡಗಿ ನಿಜವಾದ ಸಂಕೇತ ಮೇಲೇಳುತ್ತೆ. ಭೂಕಂಪ ಅಂದ್ರೆ ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರೋದು, ಸ್ಫೋಟ ಅಂದ್ರೆ ಎಲ್ಲಾ ದಿಕ್ಕಿಗೂ ಒಮ್ಮೆಗೇ ನೂಕೋದು. ಎರಡರ ಅಲೆಯ ಗುರುತು ಬೇರೆ ಬೇರೆ.

ನೋಡಿ, ಎಷ್ಟು ಚೆಂದ! ಬಾಂಬಿನ ವಿನ್ಯಾಸ ಅವರ ಗುಟ್ಟಾಗೇ ಉಳೀತು. ಯಾರೂ ಯಾರ ಮನೆಗೂ ನುಗ್ಗಲಿಲ್ಲ. ಆದರೂ 'ನಾನು ಸ್ಫೋಟ ಮಾಡೇ ಇಲ್ಲ' ಅಂತ ದೊಡ್ಡ ಸುಳ್ಳು ಹೇಳೋದು ಕಷ್ಟ ಆಯ್ತು. 1996ರ ಸಮಗ್ರ ನಿಷೇಧ ಒಪ್ಪಂದ ನಂಬಿಕೊಂಡಿರೋದೂ ಮುಖ್ಯವಾಗಿ ಇಂಥ ಕಿವಿಗಳ ಜಾಲವನ್ನೇ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಹಾಗಾಗಿ ಗೌರಿಬಿದನೂರು ಆ ಅಂತರರಾಷ್ಟ್ರೀಯ ಜಾಲದಲ್ಲಿ ಇಲ್ಲ. ಸಹಿ ಹಾಕಬೇಕಿತ್ತಾ ಬೇಡವಾ ಅನ್ನೋದು ಬೇರೆ ಜಗಳ, ಇಲ್ಲಿ ಬೇಡ. ಹೊರಗಿಂದ ಕೇಳಿದ್ದರಲ್ಲಿ ಎಲ್ಲಾ ತಿಳಿಯುತ್ತೆ ಅಂತಲೂ ಅಲ್ಲ. 1998ರ ಪೋಖ್ರಾನ್ ಸ್ಫೋಟ ಎಷ್ಟು ದೊಡ್ಡದು ಅಂತ ನಮ್ಮ ವಿಜ್ಞಾನಿಗಳೂ ಹೊರದೇಶದವರೂ ವರ್ಷಗಟ್ಟಲೆ ಕಿತ್ತಾಡಿದರು. ಆದರೆ ಸ್ಫೋಟ ಆಯ್ತಾ ಇಲ್ವಾ ಅಂತ ಯಾರೂ ಕಿತ್ತಾಡಲಿಲ್ಲ. ತೀರ್ಪಿಗೆ ಬೇಕಾದ್ದು ಅಷ್ಟೇ.

ಆಟದವರೂ ಹೀಗೇ ಮಾಡಬಹುದು. ದಾಳಿ ಎಲ್ಲಾ ಅವರ ಸರ್ವರಿನಲ್ಲಿ ದಾಖಲಾಗಿರುತ್ತೆ, ಯಾವ ಸೈನಿಕನನ್ನ ಯಾವ ಕ್ಷಣ ಎಲ್ಲಿ ಬಿಟ್ಟ ಅನ್ನೋ ತನಕ. ಒಬ್ಬ ನೂರು ದಾಳಿಯಲ್ಲಿ ಒಂದು ಸಲವೂ ಪರೀಕ್ಷೆಗೆ ಸೈನಿಕನನ್ನ ಕಳಿಸದೆ, ಕಾಣದ ಬಲೆಗಳನ್ನೆಲ್ಲಾ ಸುತ್ತು ಹಾಕಿ ಹೋಗ್ತಾನೆ ಅಂದ್ರೆ, ಅವನ ಫೋನ್ ಬಿಚ್ಚಿ ನೋಡಬೇಕಾ? ನೆಲ ನಡುಗಿದ್ದೇ ಸಾಕ್ಷಿ. ಅದೃಷ್ಟವಂತನಿಗೂ ಕಳ್ಳನಿಗೂ ವ್ಯತ್ಯಾಸ ಒಂದು ದಾಳಿಯಲ್ಲಿ ತಿಳಿಯಲ್ಲ, ನೂರರಲ್ಲಿ ತಿಳಿಯುತ್ತೆ. ಅಂಥವನನ್ನ ಆಚೆ ಹಾಕುವಾಗ ಯಾಕೆ ಅಂತ ಅವನಿಗೆ ಹೇಳಲಿ, ತಕರಾರು ಹೇಳೋಕೂ ಅವಕಾಶ ಕೊಡಲಿ. ಗುಟ್ಟಾಗಿ ತೀರ್ಪು ಕೊಡೋದು ಅಂದ್ರೆ ಮತ್ತೆ ಟವೆಲ್ ಕೆಳಗೆ ಕೈ ಹಾಕಿದ ಹಾಗೇ.

ಹಾಗಾಗಿ ನನ್ನ ಬೇಡಿಕೆ ನಾಲ್ಕೇ ನಾಲ್ಕು. ನಿಯಮ ಬಯಲಲ್ಲಿರಲಿ, ಜಾಗ ಗುಟ್ಟಾಗಿರಲಿ. ಬಚ್ಚಿಟ್ಟವನು ದಾರಿ ಇದೆ ಅಂತ ನಡೆದು ತೋರಿಸಲಿ, ಆ ದಾರಿಯ ಸುಳಿವು ಬರೋನ ಕಣ್ಣಿಗೂ ಬೀಳೋ ಹಾಗಿರಲಿ. ಪ್ರತಿ ಗುಟ್ಟಿಗೂ ಒಂದು ಕೊನೆ ಇರಲಿ, ಆಟ ಮುಗಿದ ಮೇಲೆ ಇಬ್ಬರೂ ಇಡೀ ದಾಳಿಯನ್ನ ಮತ್ತೆ ನೋಡೋ ಹಾಗಿರಲಿ. ಕಳ್ಳರನ್ನ ಹೆಜ್ಜೆ ಗುರುತಿನಿಂದ ಹಿಡೀರಿ, ಮನೆಮನೆ ನುಗ್ಗಿ ಅಲ್ಲ.

ನಮ್ಮ ಹುಡುಗರಿಗೂ ಒಂದು ಮಾತು. 2019ರಿಂದ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಕೋಟೆಯ ನಕ್ಷೆಯನ್ನ ಒಂದು ಲಿಂಕಿನಲ್ಲಿ ಹಂಚೋಕಾಗುತ್ತೆ. ಯಾರೋ ಹಾಕಿದ ನಕ್ಷೆಯನ್ನ ಹಾಗೇ ಎತ್ತಿ ಇಟ್ಕೊಂಡು, ಸೋತಾಗ 'ಮೋಸ, ಮೋಸ' ಅಂತ ಕೂಗೋರನ್ನ ದಿನಾ ನೋಡ್ತೀನಿ. ಆ ಲಿಂಕಿನ ಜೊತೆ ಬಲೆಗಳ ಜಾಗವೂ ಬಂದಿರುತ್ತೆ ಕಣ್ರಪ್ಪಾ, ನಿಮ್ಮ ಹಾಗೇ ಅದನ್ನ ಸಾವಿರ ಜನ ತೆರೆದು ನೋಡಿರ್ತಾರೆ. ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಕೀಲಿ ಮಾರೋ ಬೀಗ ತಂದು ಹಾಕಿದ ಹಾಗೆ. ನಕ್ಷೆ ಬೇಕಾದರೆ ತಗೊಳ್ಳಿ, ಬಲೆಗಳನ್ನಾದರೂ ನೀವೇ ಜಾಗ ಬದಲಾಯಿಸಿ. ಆಮೇಲೆ ನಿಮ್ಮ ಕ್ಲ್ಯಾನಿನವರನ್ನೇ ಕರೆದು ಫ್ರೆಂಡ್ಲಿ ಚಾಲೆಂಜಿನಲ್ಲಿ ನುಗ್ಗೋಕೆ ಹೇಳಿ. ಅವರು ಒಂದು ಸಲಾನೂ ಒಳಗೆ ಬರೋಕಾಗದಿದ್ದರೆ ಖುಷಿಪಡಿ. ಹತ್ತು ಸಲ ಬಂದರೆ ಯಾವ ಖಾಲಿ ಜಾಗ ನಿಮ್ಮ ಗುಟ್ಟು ಬಿಟ್ಟುಕೊಡ್ತು ಅಂತ ಅವರನ್ನೇ ಕೇಳಿ.

ಎಲ್ಲರಿಗೂ ಎಲ್ಲಾ ಕಂಡರೆ ನ್ಯಾಯ ಅಂತ ಇನ್ನೂ ವಾದ ಮಾಡೋರು ಇದ್ದರೆ ಬನ್ನಿ, ಒಂದು ಭಾನುವಾರ ಕೂತು ಇಪ್ಪತ್ತೆಂಟು ಆಡೋಣ. ನಿಮ್ಮ ಎಲೆಗಳನ್ನೆಲ್ಲಾ ಮುಖ ಮೇಲೆ ಮಾಡಿ ಇಟ್ಕೊಂಡು ಆಡಿ, ನಾನೂ ಹಾಗೇ ಆಡ್ತೀನಿ. ಎರಡನೇ ಸುತ್ತಿಗೆ ಯಾರು ಮೊದಲು ಎದ್ದು ಹೋಗ್ತಾರೆ ನೋಡೋಣ.